ಅಂಜನಾದ್ರಿ ಮೆಟ್ಟಿಲು, ಸಾವಕಾಶ ಓಟ

ನಾನು ಕೊಪ್ಪಳ ಕಡೆಯ ಹೈಸ್ಕೂಲೊಂದರಲ್ಲಿ ಪಿಟಿ ಮಾಸ್ತರ. ವಯಸ್ಸು 46. ಎರಡು ವರ್ಷದ ಹಿಂದೆ ಮಕ್ಕಳ ಜೊತೆ ಅಂಜನಾದ್ರಿ ಹತ್ತಿದೆ. 575 ಮೆಟ್ಟಿಲು, ನಾಲ್ಕು ಕಡೆ ಕೂತೆ. ಮೇಲೆ ನಾಡಿ ಹಿಡಿದು ಎಣಿಸಿದರೆ 15 ಸೆಕೆಂಡಿಗೆ 41.

ಆಗ ನಾನು ವಾರಕ್ಕೆ ಎರಡೇ ದಿನ ಓಡುತ್ತಿದ್ದೆ, ಅದೂ ಉಸಿರು ಕಟ್ಟುವಷ್ಟು ಜೋರಾಗಿ. ಅದನ್ನು ಬದಲಿಸಿದೆ. ವಾರಕ್ಕೆ ಐದು ದಿನ, ಬೆಳಿಗ್ಗೆ ಐದೂವರೆಗೆ, 40 ನಿಮಿಷ. ಪಕ್ಕದವರ ಜೊತೆ ಮಾತಾಡಲು ಬರುವಷ್ಟೇ ವೇಗ. ಒಂದು ದಿನ ಮಾತ್ರ ಕೊನೆಗೆ ನಾಲ್ಕು ಸಲ ಜೋರು ಓಟ.

ಒಂಬತ್ತನೇ ತರಗತಿ ಹುಡುಗಿಯೊಬ್ಬಳು ಕೇಳಿದಳು: "ಸರ್, ಇಷ್ಟು ಸಾವಕಾಶ ಓಡಿದ್ರ ದಮ್ಮು ಹೆಂಗ ಬೆಳಿತೈತ್ರಿ?"

ಒಳ್ಳೆಯ ಪ್ರಶ್ನೆ ಅಲ್ವಾ? ಮೈದಾನದ ಮಣ್ಣಿನಲ್ಲೇ ಕಡ್ಡಿ ಹಿಡಿದು ಚಿತ್ರ ಬರೆದೆ. ದಮ್ಮು ಬೆಳೆಯುವುದರಲ್ಲಿ ಸ್ನಾಯು ಕೋಶದೊಳಗಿನ ಮೈಟೋಕಾಂಡ್ರಿಯಾ ಹೆಚ್ಚಾಗುವುದೇ ದೊಡ್ಡ ಪಾಲು; ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಪುಟ್ಟ ಘಟಕಗಳು ಅವು. ಸ್ನಾಯು ಕೋಶ ದುಡಿದಾಗ ಅದಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಜಾಸ್ತಿಯಾಗುತ್ತದೆ. ಅದನ್ನು ಗುರುತಿಸಿ ಎಎಂಪಿಕೆ ಅನ್ನುವ ಕಿಣ್ವ ಎಚ್ಚರಗೊಳ್ಳುತ್ತದೆ. ಮೈಟೋಕಾಂಡ್ರಿಯಾ ಹೆಚ್ಚಿಸು ಅನ್ನುವ ಮೊದಲ ಕರೆ ಇದು. ಸ್ನಾಯು ಪ್ರತಿ ಸಲ ಬಿಗಿದಾಗ ಹೊರಬರುವ ಕ್ಯಾಲ್ಸಿಯಂ ಎರಡನೇ ಕರೆ. ಎರಡೂ ಹೋಗಿ ಮುಟ್ಟುವುದು ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು. 1998ರಲ್ಲಿ ಇದನ್ನು ಮೊದಲು ವರದಿ ಮಾಡಿದ್ದು ಅಮೆರಿಕದ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ. ಇದು ತಾನೇ ಡಿಎನ್‌ಎಗೆ ಅಂಟಿಕೊಳ್ಳುವುದಿಲ್ಲ. ಎನ್‌ಆರ್‌ಎಫ್-1ರಂಥ ಪ್ರೋಟೀನುಗಳ ಜೊತೆ ಸೇರಿ ಕೋಶಕೇಂದ್ರದ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಜೀನುಗಳಿಂದ ತಯಾರಾಗುವ ಟಿಫ್ಯಾಮ್ ಎಂಬ ಪ್ರೋಟೀನು ಮೈಟೋಕಾಂಡ್ರಿಯಾದ ಒಳಗೆ ಹೋಗಿ ಅದರ ಸ್ವಂತ ಡಿಎನ್‌ಎಯ ಪ್ರತಿ ಹೆಚ್ಚಿಸುತ್ತದೆ. ಆ ಡಿಎನ್‌ಎಯಲ್ಲಿ ಇರುವುದು 37 ಜೀನು, ಪ್ರೋಟೀನು ಮಾಡುವುದು 13 ಮಾತ್ರ. ಬೇಕಾದ ಇನ್ನೂ ಸಾವಿರಕ್ಕೂ ಹೆಚ್ಚು ಪ್ರೋಟೀನು ಕೋಶಕೇಂದ್ರವೇ ಕಳಿಸಬೇಕು. ಹಾಗಾಗಿ ಎರಡೂ ಕಡೆ ಒಟ್ಟಿಗೆ ದುಡಿಯಬೇಕು.

ಹೊಸ ಮೈಟೋಕಾಂಡ್ರಿಯಾ ಸುಮ್ನೆ ಹುಟ್ಟುವುದಿಲ್ಲ. ಇದ್ದದ್ದೇ ಬೆಳೆದು ಎರಡಾಗಿ ಒಡೆಯುತ್ತದೆ. ಆನೆಗೊಂದಿಯ ತೋಟದಲ್ಲಿ ಬಾಳೆ ಬುಡಕ್ಕೆ ಮರಿ ಬರುತ್ತದಲ್ಲ, ಹಾಗೆ ಅಂದೆ. ಆ ಹುಡುಗಿಗೆ ಅದು ಥಟ್ಟನೆ ಹೊಳೆಯಿತು.

1967ರಲ್ಲೇ ಅಮೆರಿಕದ ವಿಜ್ಞಾನಿ ಜಾನ್ ಹಾಲೋಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೋಕಾಂಡ್ರಿಯಾ ಕಿಣ್ವಗಳು ದುಪ್ಪಟ್ಟಾದದ್ದನ್ನು ತೋರಿಸಿದ್ದರು. ಒಂದು ದಿನದ ಓಟದಿಂದ ಬರುವ ಕರೆ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಅದಕ್ಕೇ ಮತ್ತೆ ಮತ್ತೆ ಓಡಬೇಕು, ಸಾವಕಾಶ ಓಡಿದರೆ ಅದು ಸುಲಭ. ಇದು ನನಗೆ ನಾಟಿದ್ದು ಮದುವೆ ಮನೆಯ ಓಡಾಟದಲ್ಲಿ ಮೂರು ವಾರ ಬಿಟ್ಟಾಗ. ತಿರುಗಿ ಬಂದ ದಿನ ಅದೇ ವೇಗಕ್ಕೆ ಮಾತು ತುಂಡಾಗುತ್ತಿತ್ತು. ಕೆಲಸ ಕೊಡದಿದ್ದರೆ ಕೋಶ ಅಷ್ಟೊಂದು ಮೈಟೋಕಾಂಡ್ರಿಯಾ ಇಟ್ಟುಕೊಳ್ಳುವುದಿಲ್ಲ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಅಂಜನಾದ್ರಿ ಹತ್ತಿದೆ. ಒಂದೇ ಕಡೆ ನಿಂತೆ, ಅದೂ ನೀರು ಕುಡಿಯಲು. ನಾಡಿ 15 ಸೆಕೆಂಡಿಗೆ 34. ಇದರಲ್ಲಿ ಹೃದಯದ ಪಾಲೂ ಇದೆ, ಪೂರ್ತಿ ಮೈಟೋಕಾಂಡ್ರಿಯಾದ್ದೇ ಅನ್ನಲಾರೆ. ನನ್ನ ಮಣಿಕಟ್ಟು ಹಿಡಿದು ಎಣಿಸಿದ್ದು ಅದೇ ಹುಡುಗಿ.