ಆರ್‌ಸಿ ಅಂದರೆ ಗಾಡಿಯದ್ದಲ್ಲ: ಕ್ಯಾಂಪಿನ ಮಕ್ಕಳು ಡಿಗ್ರಿಗೆ ಸೇರುವಾಗ

ಕೆಲವು ವರ್ಷಗಳ ಹಿಂದಿನ ಜೂನ್. ಹೊರಗೆ ಜಡಿಮಳೆ. ಕಾಲೇಜಿನ ಅಡ್ಮಿಷನ್ ಕೌಂಟರ್‌ನಲ್ಲಿ ಅವತ್ತು ನನ್ನ ಪಾಳಿ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಒಬ್ಬ ಹುಡುಗಿ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕಾಗದಗಳನ್ನು ಒಂದೊಂದಾಗಿ ದುಪಟ್ಟಾದಿಂದ ಒರೆಸಿ ಮೇಜಿನ ಮೇಲಿಟ್ಟಳು. ‘ಇದು ಆರ್‌ಸಿ ಸರ್’ ಅಂದಳು. ಪಕ್ಕದಲ್ಲಿದ್ದ ಗುಮಾಸ್ತರು ತಲೆ ಎತ್ತಲೇ ಇಲ್ಲ. ‘ಗಾಡಿ ಕಾಗದ ಇಲ್ಲಿ ಬೇಡಮ್ಮ, ಜಾತಿ ಸರ್ಟಿಫಿಕೇಟ್ ಕೊಡು’ ಅಂದರು. ಅವಳು ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ‘ನಾಳೆ ತಗೊಂಡು ಬಾ’ ಅಂದುಬಿಟ್ಟೆ.

ನಾಳೆ ಅವಳು ಬರಲಿಲ್ಲ. ಇಲ್ಲದ ಸರ್ಟಿಫಿಕೇಟನ್ನು ಎಲ್ಲಿಂದ ತರುತ್ತಾಳೆ? ಅದು ಅವರ ನೋಂದಣಿ ಕಾಗದ ಎಂದು ತಿಳಿದುಕೊಂಡು ನಾನು ಫೋನ್ ಮಾಡುವಷ್ಟರಲ್ಲಿ ಬೆಂಗಳೂರಿನಲ್ಲಿ ಸೇರಿಯಾಗಿತ್ತು. ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ದೂರದ ಕಾಲೇಜು ಬಿಟ್ಟು ಅಷ್ಟು ದೂರ ಹೋದಳು, ನಮ್ಮಿಬ್ಬರ ದೆಸೆಯಿಂದ.

ನಿರಾಶ್ರಿತ ಕುಟುಂಬದ ಮಕ್ಕಳಿಗೆ ಸಹಾಯ ಅಂದಾಗ ನಮಗೆ ಮೊದಲು ನೆನಪಾಗುವುದು ಕನಿಕರ. ಅದು ಅವರಿಗೆ ಬೇಕಾಗಿಲ್ಲ. ಕೌಂಟರ್ ಸರಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಈ ಕೆಲವು ವರ್ಷಗಳಲ್ಲಿ ನಾನು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕಾಲೇಜಿನವರಿಗೆ, ರೂಮ್ ಕೊಡುವವರಿಗೆ, ಜೊತೆಯಲ್ಲಿ ಓದುವವರಿಗೆ.

ಮೊದಲು ಕಾಗದ ಓದಲು ಕಲಿಯಿರಿ

ನಮ್ಮ ಕೊಡಗಿನ ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿ ಕೊಪ್ಪ, ಅಲ್ಲಿಂದ ಮುಂದೆ ಬೈಲಕುಪ್ಪೆ. ಹೊಳೆ ದಾಟಿದರೆ ಜಿಲ್ಲೆಯೇ ಬೇರೆ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಅಲ್ಲಿ ಟಿಬೆಟನ್ನರಿಗೆ ಸುಮಾರು 3000 ಎಕರೆ ಕಾಡು ಜಾಗ ಕೊಟ್ಟಿತು. ಕಾಡು ಕಡಿದು ಜೋಳ ಬಿತ್ತಿದವರ ಮೊಮ್ಮಕ್ಕಳು ಈಗ ನಮ್ಮ ಬೆಂಚುಗಳಲ್ಲಿ ಕೂತಿದ್ದಾರೆ. ಇವರಲ್ಲಿ ಹೆಚ್ಚಿನವರು ಟಿಬೆಟ್ ನೋಡಿಯೇ ಇಲ್ಲ.

ಆದರೂ ಕಾಗದದಲ್ಲಿ ಅವರು ವಿದೇಶಿಯರು. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಅವರ ಕೈಯಲ್ಲಿರುವುದು ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಅಂದರೆ ಆರ್‌ಸಿ. ವಿದೇಶಿಯರ ನೋಂದಣಿ ಅಧಿಕಾರಿ ಕೊಡುವ ಈ ಕಾಗದಕ್ಕೆ ಅವಧಿ ಇರುತ್ತದೆ, ಮುಗಿಯುವ ಮೊದಲು ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಎಂಬ ಹಳದಿ ಪುಸ್ತಕ ಇರುತ್ತದೆ. ಆಧಾರ್ ಇರುತ್ತದೆ. ಹಸಿರು ಪುಸ್ತಕ ಒಂದಿದೆ, ಅದು ಅವರದೇ ಆಡಳಿತ ಕೊಡುವಂಥದ್ದು, ಕಾಲೇಜಿಗೆ ಅದರ ಕೆಲಸವಿಲ್ಲ.

ಹಾಗಂತ ಎಲ್ಲರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯ ಎಂದು ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಅಪ್ಪನೋ ಅಮ್ಮನೋ ಆ ಲೆಕ್ಕಕ್ಕೆ ಬರುವ ಕೆಲವು ಮಕ್ಕಳ ಹತ್ತಿರ ಭಾರತದ ಪಾಸ್‌ಪೋರ್ಟೇ ಇರುತ್ತದೆ. ಮುಖ ನೋಡಿ ‘ವಿದೇಶಿ’ ಕಾಲಂಗೆ ಟಿಕ್ ಹಾಕಬೇಡಿ, ಕೇಳಿ.

ಇನ್ನೊಂದು ಕಡೆ, ಸಂಪಾಜೆ ಘಾಟಿ ಇಳಿದರೆ ಸುಳ್ಯದ ರಬ್ಬರ್ ತೋಟಗಳ ತಮಿಳು ಕುಟುಂಬಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ವಾಪಸ್ ಬಂದವರು. ಅವರು ಭಾರತದ ಪ್ರಜೆಗಳು. ಅವರಿಗೆ ಆರ್‌ಸಿ ಕೇಳುವುದೂ ತಪ್ಪೇ.

ನಾನು ಈಗ ಮಾಡುವುದು ಇಷ್ಟು. ಅಡ್ಮಿಷನ್ ಶುರುವಾಗುವ ಮೊದಲು ಕೌಂಟರ್‌ನಲ್ಲಿ ಕೂರುವವರಿಗೆ ಒಂದು ಆರ್‌ಸಿಯ ಝೆರಾಕ್ಸ್ ತೋರಿಸುತ್ತೇನೆ, ಹೆಸರು ನಂಬರು ಮುಚ್ಚಿ. ಹತ್ತು ನಿಮಿಷದ ಕೆಲಸ. ಜಾತಿ ಸರ್ಟಿಫಿಕೇಟ್ ಇಲ್ಲದವರನ್ನು ಸಾಮಾನ್ಯ ವರ್ಗದಲ್ಲಿ ತೆಗೆದುಕೊಳ್ಳಿ, ವಾಪಸ್ ಕಳಿಸಬೇಡಿ ಎಂದು ಮೇಜಿನ ಮೇಲೆ ಚೀಟಿ ಅಂಟಿಸಿದ್ದೇನೆ. ವಿದೇಶಿ ವಿದ್ಯಾರ್ಥಿ ಸೇರಿದರೆ ಕಾಲೇಜು ನೋಂದಣಿ ಅಧಿಕಾರಿಗೆ ತಿಳಿಸಬೇಕಾಗುತ್ತದೆ. ಅದು ಕಾಲೇಜಿನ ಕೆಲಸ, ಹುಡುಗಿಯನ್ನು ಅಲೆಸುವ ಕೆಲಸವಲ್ಲ.

ಹೆಸರಿನ ಗಲಾಟೆ

ಹಾಜರಿ ಕರೆಯುವಾಗ ‘ತೆನ್ಜಿನ್’ ಅಂದೆ. ನಾಲ್ಕು ಜನ ‘ಎಸ್ ಸರ್’ ಅಂದರು. ಕ್ಲಾಸೆಲ್ಲ ನಗು. ದಲೈ ಲಾಮಾ ಅವರ ಹೆಸರಿನಲ್ಲಿ ತೆನ್ಜಿನ್ ಇದೆ. ಅವರಿಂದ ಹೆಸರು ಪಡೆದ ಮಕ್ಕಳೆಲ್ಲ ತೆನ್ಜಿನ್‌ಗಳೇ. ಎರಡನೇ ಹೆಸರು ಹಿಡಿದು ಕರೆಯಿರಿ. ಅದು ಮನೆತನದ ಹೆಸರಲ್ಲ, ಅಪ್ಪನ ಹೆಸರೂ ಅಲ್ಲ, ಅವರದೇ ಹೆಸರಿನ ಇನ್ನೊಂದು ಭಾಗ. ನಮ್ಮ ಕೊಡವರಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ಮುಂದೆ ಬರುತ್ತದೆ, ಬೇರೆಯವರಲ್ಲಿ ಇನಿಷಿಯಲ್. ಅವರಲ್ಲಿ ಹೆಚ್ಚಿನವರಿಗೆ ಎರಡೂ ಇಲ್ಲ.

ನಗು ಬಿಡಿ, ನಿಜವಾದ ತೊಂದರೆ ಅರ್ಜಿಯಲ್ಲಿ ಬರುತ್ತದೆ. ಪದವಿ ಪ್ರವೇಶ ಈಗ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಸೈಬರ್ ಸೆಂಟರ್‌ನವರು ಸರ್‌ನೇಮ್ ಜಾಗ ಖಾಲಿ ಬಿಡಬಾರದೆಂದು ಅಪ್ಪನ ಹೆಸರು ತುಂಬಿಬಿಡುತ್ತಾರೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಆರ್‌ಸಿಯಲ್ಲಿ ಅದೇ ಹೆಸರಿಗೆ ಬೇರೆ ಸ್ಪೆಲಿಂಗ್. ಮೂರು ವರ್ಷ ಕಳೆದು ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಇದು ಮೇಲೆದ್ದು ಬರುತ್ತದೆ. ಅಫಿಡವಿಟ್, ನೋಟರಿ, ಅಲೆದಾಟ. ಅದಕ್ಕೇ ಸಬ್‌ಮಿಟ್ ಒತ್ತುವ ಮೊದಲು ಮೂರೂ ಕಾಗದ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸಿ. ಹತ್ತನೇ ತರಗತಿಯದನ್ನೇ ಹಿಡಿದುಕೊಳ್ಳಿ. ಉಳಿದದ್ದನ್ನು ಆಗಲೇ ತಿದ್ದಿಸಲು ಕಳಿಸಿ.

ದುಡ್ಡು

ಕಟ್ಟುವ ಮೊದಲೇ ಒಂದು ಪ್ರಶ್ನೆ: ಶುಲ್ಕ ಯಾವ ದರದಲ್ಲಿ? ವಿದೇಶಿ ವಿದ್ಯಾರ್ಥಿಗಳ ದರ ಹಾಕಿದರೆ ಮೊತ್ತ ಎಲ್ಲೋ ಹೋಗುತ್ತದೆ. ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಸರ್ಕಾರದ ವಿದ್ಯಾರ್ಥಿವೇತನಗಳು ಹೆಚ್ಚಾಗಿ ಜಾತಿ, ಆದಾಯ, ಪೌರತ್ವಕ್ಕೆ ಗಂಟು ಹಾಕಿಕೊಂಡಿವೆ. ಆದ್ದರಿಂದ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ತೋರಿಸಿ ‘ಎಸ್‌ಎಸ್‌ಪಿಯಲ್ಲಿ ಹಾಕು’ ಎಂದು ಸುಮ್ನೆ ಹೇಳಿ ಕೈ ತೊಳೆದುಕೊಳ್ಳಬೇಡಿ. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತದ ಶಿಕ್ಷಣ ಇಲಾಖೆ ಪದವಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೆ ಕಾಲೇಜಿನ ಬೋನಫೈಡ್, ಶುಲ್ಕದ ರಸೀದಿ ಬೇಕಾಗುತ್ತದೆ. ಅದನ್ನು ಕೇಳಿದ ದಿನವೇ ಕೊಡಿ. ಪ್ರಿನ್ಸಿಪಾಲರ ಸಹಿಗೆ ಒಂದು ವಾರ ಕಾಯಿಸಿದರೆ ಕೊನೆಯ ದಿನಾಂಕ ದಾಟಿಹೋಗುತ್ತದೆ, ಅಷ್ಟೇ.

ಪಾಠ, ಮತ್ತು ಮಳೆ ರಜೆ

ಕ್ಯಾಂಪಿನ ಶಾಲೆಗಳಲ್ಲಿ ಸಣ್ಣ ತರಗತಿಗಳು ಟಿಬೆಟನ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷ್. ಸಿಬಿಎಸ್‌ಇ. ಹಿಂದಿ ಚೆನ್ನಾಗಿ ಬರುತ್ತದೆ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬರುವವರೂ ಇದ್ದಾರೆ. ಆದರೆ ಓದಲು ಬರುವುದಿಲ್ಲ. ನಾವು ಮೇಷ್ಟ್ರುಗಳೋ, ಇಂಗ್ಲಿಷ್ ಮೀಡಿಯಂ ಅಂತ ಹೇಳಿ ಅರ್ಧ ಪಾಠ ಕನ್ನಡದಲ್ಲೇ ಮಾಡುತ್ತೇವೆ. ಮುಖ್ಯವಾದ ಮಾತು ಯಾವಾಗಲೂ ಆ ಕನ್ನಡದ ಅರ್ಧದಲ್ಲೇ ಬರುತ್ತದೆ. ‘ಇದು ಪರೀಕ್ಷೆಗೆ ಗ್ಯಾರಂಟಿ ಬರುತ್ತೆ ನೋಡ್ರಪ್ಪ’ ಅನ್ನುವುದು ಇಂಗ್ಲಿಷಿನಲ್ಲಿ ಯಾರಾದರೂ ಹೇಳಿದ್ದಾರಾ? ಕನ್ನಡ ಬಿಡಿ ಎಂದು ನಾನು ಹೇಳುತ್ತಿಲ್ಲ, ಪಕ್ಕದ ಹಳ್ಳಿಯ ಮಕ್ಕಳಿಗೆ ಅದು ಬೇಕು. ಆ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದುಬಿಡಿ. ಭಾಷಾ ವಿಷಯಕ್ಕೆ ಯಾವ ಯಾವ ಆಯ್ಕೆ ಇದೆ ಎಂದು ಅಡ್ಮಿಷನ್ ದಿನವೇ ಹೇಳಿ.

ಇನ್ನು ಮಳೆ ರಜೆ. ಇದು ನಮ್ಮಂಥ ಮಳೆ ಜಿಲ್ಲೆಗಳ ಕಷ್ಟ. ಜುಲೈನಲ್ಲಿ ರಾತ್ರಿಯೋ ಬೆಳಗ್ಗೆಯೋ ಡಿಸಿ ಆದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ, ಪೂರ್ತಿ ಕನ್ನಡದಲ್ಲಿ. ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ರಜೆ ಎಂದಿರುತ್ತದೆ. ಡಿಗ್ರಿ ಸೇರಿದೆಯೋ ಇಲ್ಲವೋ ಎನ್ನುವುದು ಒಂದು ಪದದ ಮೇಲೆ ನಿಂತಿರುತ್ತದೆ. ಹೊಳೆಯಾಚೆ ಮೈಸೂರು ಜಿಲ್ಲೆ, ಅಲ್ಲಿ ರಜೆಯೇ ಇರುವುದಿಲ್ಲ. ಒಂದು ಬೆಳಗ್ಗೆ ಇಬ್ಬರು ಹುಡುಗರು ಮುಚ್ಚಿದ ಗೇಟಿನ ಮುಂದೆ ಕೊಡೆ ಹಿಡಿದು ನಿಂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅವರ ಫೋನಿನಲ್ಲಿ ಆದೇಶ ಬಂದೇ ಇತ್ತು. ಈಗ ಕ್ಲಾಸ್ ಗ್ರೂಪಿನಲ್ಲಿ ಆದೇಶದ ಕೆಳಗೆ ಯಾರಾದರೊಬ್ಬರು ಇಂಗ್ಲಿಷಿನಲ್ಲಿ ಎರಡೇ ಪದ ಹಾಕುತ್ತಾರೆ: ನಮಗೆ ರಜೆ, ಅಥವಾ ರಜೆ ಇಲ್ಲ. ಒಬ್ಬ ಸೀನಿಯರ್‌ಗೆ ಈ ಕೆಲಸ ವಹಿಸಿದರೆ ಸಾಕು.

ರೂಮು ಕೊಡುವವರಿಗೆ

ಮಡಿಕೇರಿ ಕಾಲೇಜಿಗೋ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯಕ್ಕೋ ಸೇರಿ ಇಲ್ಲೇ ಉಳಿದರೆ ವಿಳಾಸ ಬದಲಾಗುತ್ತದೆ, ಜಿಲ್ಲೆಯೂ ಬದಲಾಗುತ್ತದೆ. ಆರ್‌ಸಿ ಇರುವವರು ಇದನ್ನು ಪೊಲೀಸರಿಗೆ ತಿಳಿಸಬೇಕು. ಮಾಲೀಕರೂ ಠಾಣೆಗೆ ಒಮ್ಮೆ ಹೋಗಿ ವಿಚಾರಿಸಿ. ಬಾಡಿಗೆ ಕರಾರು ಪತ್ರ ಕೊಡಲು ಹಿಂದೆಮುಂದೆ ನೋಡಬೇಡಿ, ಅದಿಲ್ಲದೆ ಅವರ ವಿಳಾಸ ನಿಲ್ಲುವುದಿಲ್ಲ. ಊಟದ ಬಗ್ಗೆ ಊಹೆ ಬೇಡ. ಎಲ್ಲರೂ ಮೋಮೊ ತಿಂದು ಬದುಕುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ ಕಡುಬು, ಪಂದಿಕರಿಯಲ್ಲಿ ಯಾವ ಕೊಡವರಿಗೂ ಕಡಿಮೆ ಇಲ್ಲ. ಅವನ ರೂಮಿನವನು ಶುದ್ಧ ಸಸ್ಯಾಹಾರಿ, ಅವನೂ ಕ್ಯಾಂಪಿನವನೇ.

ಅಪ್ಪ ಅಮ್ಮನನ್ನು ಯಾವಾಗ ಕರೆಯಬೇಕು

ನವೆಂಬರ್‌ನಲ್ಲಿ ಪೋಷಕರ ಸಭೆ ಇಟ್ಟರೆ ಆ ಕುರ್ಚಿಗಳು ಖಾಲಿ. ‘ಇವರಿಗೆ ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಮಾತು. ಅದು ಸ್ವೆಟರ್ ಸೀಸನ್. ಚಳಿ ಶುರುವಾಗುವಾಗ ಎಷ್ಟೋ ಮನೆಯವರು ಊರೂರಿಗೆ ಸ್ವೆಟರ್ ವ್ಯಾಪಾರಕ್ಕೆ ಹೊರಡುತ್ತಾರೆ. ವರ್ಷದ ದುಡ್ಡು ಆ ಕೆಲವು ತಿಂಗಳಲ್ಲೇ ಆಗಬೇಕು. ಇನ್ನು ಕೆಲವರ ಅಪ್ಪ ಅಮ್ಮ ವಿದೇಶದಲ್ಲಿ, ಮಗು ಅಜ್ಜಿಯ ಜೊತೆ. ಸಭೆಯನ್ನು ಆಗಸ್ಟಿನಲ್ಲೇ ಮುಗಿಸಿ, ಇಲ್ಲದಿದ್ದರೆ ಸಂಜೆ ವಿಡಿಯೊ ಕಾಲ್ ಮಾಡಿ. ಹಾಗೇ, ಇಂಟರ್ನಲ್ ಟೆಸ್ಟ್ ಲೋಸಾರ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಅದು ಅವರ ಹೊಸ ವರ್ಷ, ಫೆಬ್ರವರಿ–ಮಾರ್ಚ್ ಸುಮಾರಿಗೆ ಬರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ದಿನ ಟೆಸ್ಟ್ ಇಟ್ಟರೆ ಇಲ್ಲಿ ಏನಾಗುತ್ತದೆ ಎಂದು ಯೋಚಿಸಿ ನೋಡಿ.

ಕೇಳಬಾರದ್ದು

‘ವಾಪಸ್ ನಿಮ್ಮ ದೇಶಕ್ಕೆ ಯಾವಾಗ ಹೋಗ್ತೀರಾ?’ ಹದಿನೆಂಟು ವರ್ಷದ ಮಗು ಇದಕ್ಕೆ ಏನು ಹೇಳಬೇಕು? ಫ್ರೆಶರ್ಸ್ ಡೇ ಬಂದ ಕೂಡಲೇ ‘ನಿಮ್ಮ ಡ್ಯಾನ್ಸ್ ಒಂದು ಇರಲಿ’ ಎನ್ನುವುದನ್ನೂ ಬಿಡಿ. ತಾವಾಗಿ ಮಾಡಿದರೆ ಚೆಂದ. ಹೋದ ವರ್ಷ ನಮ್ಮಲ್ಲಿ ಒಬ್ಬಳು ಕೇಳಿದ್ದು ಷಟಲ್ ಕೋರ್ಟಿನ ಬೀಗದ ಕೈ.

ಕ್ಲಾಸಿನಲ್ಲಿ ಟಿಬೆಟ್ ವಿಷಯ ಬಂದಾಗ ಎಲ್ಲರೂ ತಿರುಗಿ ಅವರನ್ನೇ ನೋಡುತ್ತಾರೆ. ಪಾಠ ಮಾಡಬೇಕಾದವರು ನಾವು. ಅವರ ಶಾಲೆಯಲ್ಲಿ ಮೇಷ್ಟ್ರನ್ನು ‘ಗೆನ್‌ಲಾ’ ಅನ್ನುತ್ತಾರೆ, ಅಮ್ಮನನ್ನು ‘ಅಮಲಾ’. ಸಲಿಗೆ ಬಂದ ಮೇಲೆ ನನಗೂ ಗೆನ್‌ಲಾ ಅನ್ನುವವರು ಇದ್ದಾರೆ. ಮೊದಲ ತಿಂಗಳು ಮಾತ್ರ ಯಾರೂ ಏನೂ ಕೇಳುವುದಿಲ್ಲ, ಕಷ್ಟ ಇದ್ದರೂ ‘ಓಕೆ ಸರ್’ ಅನ್ನುತ್ತಾರೆ. ಆ ಓಕೆಯನ್ನು ನಂಬಬೇಡಿ, ಒಂದು ವಾರ ಬಿಟ್ಟು ಮತ್ತೆ ಕೇಳಿ.

ನನ್ನ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಈಗ ಐದು ದಿನಾಂಕಗಳಿವೆ, ಪೆನ್ಸಿಲ್ಲಿನಲ್ಲಿ. ಐದು ಆರ್‌ಸಿಗಳ ಅವಧಿ ಮುಗಿಯುವ ದಿನ. ಅವರೇ ಒಪ್ಪಿ ಬರೆಸಿದ್ದು. ಎರಡು ತಿಂಗಳು ಮೊದಲು ನೆನಪಿಸುತ್ತೇನೆ, ನವೀಕರಣವಾದ ಮೇಲೆ ರಬ್ಬರ್ ತಗೊಂಡು ಅಳಿಸಿ ಹೊಸದು ಬರೆಯುತ್ತೇನೆ. ಮುಂದಿನದು ಅಕ್ಟೋಬರ್ 14.