ತಕ್ಕಡಿ ಸಮ ಮಾಡಿದ ಕತೆ: ನನ್ನ ಗಿಟಾರ್‌ಗೆ ಟ್ರೆಮೊಲೊ ಬ್ರಿಡ್ಜ್ ಕೂರಿಸಿದ್ದು

ಗಿಟಾರ್ ಜೋಡಿಸಿ ಮುಗಿದ ರಾತ್ರಿಯೇ ತಂತಿ ಹಾಕಿದೆ. ಬೆಳಗಿನವರೆಗೆ ಕಾಯುವ ತಾಳ್ಮೆ ಇರಲಿಲ್ಲ. ದಪ್ಪ ತಂತಿಯಿಂದ ಶುರು ಮಾಡಿ ಒಂದೊಂದಾಗಿ ಶ್ರುತಿ ಮಾಡುತ್ತಾ ಬಂದೆ. ಸಣ್ಣ ತಂತಿಗೆ ಬರುವಷ್ಟರಲ್ಲಿ ದಪ್ಪ ತಂತಿ ಪೂರಾ ಇಳಿದುಹೋಗಿತ್ತು. ಮತ್ತೆ ಮೊದಲಿಂದ. ಹೀಗೇ ಅರ್ಧ ಗಂಟೆ ಬಿರಡೆ ತಿರುವಿದೆ. ಕೊನೆಗೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ಬುಡ ಹಿಡಿದಿರುವ ಲೋಹದ ಭಾಗ) ಕಡೆ ನೋಡಿದರೆ ಅದರ ಹಿಂಭಾಗ ಬೆರಳು ತೂರುವಷ್ಟು ಎದ್ದು ನಿಂತಿದೆ, ತಂತಿಗಳು ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ, ಅಂದರೆ ಫ್ರೆಟ್‌ಗಳಿಂದ ಎಷ್ಟೋ ಮೇಲೆ ಇವೆ. ಎಲ್ಲವನ್ನೂ ಸಡಿಲ ಮಾಡಿ ಮಲಗಿದೆ.

ಈ ಗಿಟಾರ್‌ನ ಒಂದೊಂದು ಭಾಗವನ್ನೂ ನಾನೇ ಆರಿಸಿದ್ದು. ಆಲ್ಡರ್ ಮರದ ಬಾಡಿ, ಮೇಪಲ್ ನೆಕ್, 25.5 ಇಂಚಿನ ಸ್ಕೇಲ್ (ತಂತಿ ಮಿಡಿಯುವ ಉದ್ದ). ಬ್ರಿಡ್ಜ್ ಮಾತ್ರ ಹಳೇ ಮಾದರಿಯದು: ಮುಂದಿನ ಅಂಚಿನಲ್ಲಿ ಆರು ಸ್ಕ್ರೂ, ಕೆಳಗೆ ಬಾಡಿಯೊಳಗೆ ಇಳಿಯುವ ಲೋಹದ ಬ್ಲಾಕ್, ಬೆನ್ನಿನ ಕಡೆ ಸ್ಪ್ರಿಂಗ್‌ಗಳು, ಬ್ರಿಡ್ಜನ್ನು ಆಡಿಸಲು ಒಂದು ಹಿಡಿ. 1954ರಲ್ಲಿ ಲಿಯೋ ಫೆಂಡರ್ ಅವರ ಸ್ಟ್ರಾಟೊಕಾಸ್ಟರ್ ಗಿಟಾರ್ ಜೊತೆ ಬಂದ ವಿನ್ಯಾಸ ಇದು. ಹೆಸರೇ ತಪ್ಪು ಅನ್ನುವುದು ಬೇರೆ ಮಾತು. ಟ್ರೆಮೊಲೊ ಅಂದರೆ ಸದ್ದು ಹೆಚ್ಚುಕಡಿಮೆ ಆಗುವುದು. ಈ ಹಿಡಿ ಒತ್ತಿದರೆ ಬದಲಾಗುವುದು ಸ್ವರ, ಅದಕ್ಕೆ ವೈಬ್ರಾಟೊ ಅನ್ನಬೇಕು. ಆದರೆ ಎಪ್ಪತ್ತು ವರ್ಷದಿಂದ ಬಂದ ಹೆಸರು, ಇನ್ನು ತಿದ್ದುವವರು ಯಾರು? ಫ್ಲಾಯ್ಡ್ ರೋಸ್ ಮಾದರಿಯದ್ದನ್ನೂ ಹಾಕಬಹುದಿತ್ತು. ಅದು ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದು ಕೂರಿಸುತ್ತದೆ, ಶ್ರುತಿ ಚೆನ್ನಾಗಿ ನಿಲ್ಲುತ್ತದೆ. ಒಂದು ತಂತಿ ಬದಲಿಸಲು ಅಷ್ಟೆಲ್ಲ ಬಿಚ್ಚುವುದು ನನಗೆ ಆಗದ ಕೆಲಸ.

ಮಾರನೇ ದಿನ ಕೂತು ಯೋಚಿಸಿದೆ. ಇದು ಒಂದು ತಕ್ಕಡಿ, ಅಷ್ಟೇ. 10ರಿಂದ 46ರ ತಂತಿ ಸೆಟ್ (ಅಂಕಿಗಳು ಸಣ್ಣ ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿ ಸಾಮಾನ್ಯ ಶ್ರುತಿಗೆ ತಂದರೆ ಆರೂ ಸೇರಿ ಸುಮಾರು 47 ಕೆಜಿ ಎಳೆತ ಕೊಡುತ್ತವೆ. ಅದಕ್ಕೆ ಸರಿಸಾಟಿಯಾಗಿ ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯಬೇಕು. ಒಂದು ತಂತಿ ಬಿಗಿ ಮಾಡಿದರೆ ತಕ್ಕಡಿ ಆ ಕಡೆ ವಾಲುತ್ತದೆ, ಮಿಕ್ಕ ಐದೂ ಸಡಿಲವಾಗುತ್ತವೆ. ರಾತ್ರಿ ನಾನು ಮಾಡಿದ್ದು ಒಂದೇ ತಟ್ಟೆಗೆ ತೂಕ ಹಾಕುತ್ತಾ ಹೋಗಿದ್ದು.

ಮೊದಲು ಸ್ಕ್ರೂಗಳ ವಿಷಯ. ಹೊಸ ಬಾಡಿ, ರಂಧ್ರಗಳನ್ನು ನಾನೇ ಕೊರೆದಿದ್ದೆ. ಸ್ಕ್ರೂಗೆ ಸ್ವಲ್ಪ ಸಾಬೂನು ಸವರಿ ಹಾಕಿದ್ದರಿಂದ ಸಲೀಸಾಗಿ ಇಳಿದವು. ಸಲೀಸಾಗಿ ಇಳಿದವು ಅಂತ ಆರನ್ನೂ ಕೊನೆತನಕ ಬಿಗಿದಿದ್ದೆ, ಅದೇ ತಪ್ಪು. ಹಾಗೆ ಬಿಗಿದರೆ ಬ್ರಿಡ್ಜ್ ಆಡುವುದೇ ಇಲ್ಲ, ಆಡಿದರೂ ಎಲ್ಲೋ ಉಜ್ಜಿಕೊಂಡು ನಿಲ್ಲುತ್ತದೆ. ತಂತಿ ಪೂರಾ ತೆಗೆದು ಸರಿ ಮಾಡಿದೆ. ತುದಿಯ ಎರಡು ಸ್ಕ್ರೂಗಳನ್ನು ಬ್ರಿಡ್ಜಿನ ಮೇಲಿನ ಪ್ಲೇಟಿನ ಹಿಂಭಾಗ ಚೂರು ಏಳುವವರೆಗೆ ಬಿಗಿದು, ಅದು ಮತ್ತೆ ಚಪ್ಪಟೆಯಾಗಿ ಕೂರುವವರೆಗೆ ಸಡಿಲಿಸಿದೆ. ನಡುವಿನ ನಾಲ್ಕನ್ನು ಅವಕ್ಕಿಂತ ಒಂದೂವರೆ ಮಿಲಿಮೀಟರ್‌ನಷ್ಟು ಮೇಲೆ ಬಿಟ್ಟೆ. ಈಗ ಬ್ರಿಡ್ಜ್ ತಿರುಗುವುದು ತುದಿಯ ಎರಡರ ಮೇಲೆ ಮಾತ್ರ. ನಡುವಿನವು ಸುಮ್ನೆ ಕಾವಲಿಗೆ ನಿಂತಿವೆ.

ಸ್ಪ್ರಿಂಗ್‌ಗಳ ಒಂದು ತುದಿ ಬ್ಲಾಕಿಗೆ ಸಿಕ್ಕಿರುತ್ತದೆ, ಇನ್ನೊಂದು ತುದಿ ಕ್ಲಾ ಅನ್ನುವ ತಗಡಿಗೆ. ಆ ತಗಡನ್ನು ಎರಡು ಉದ್ದ ಸ್ಕ್ರೂಗಳು ಮರಕ್ಕೆ ಹಿಡಿದಿರುತ್ತವೆ. ತಕ್ಕಡಿಯ ಈ ಕಡೆಯ ತಟ್ಟೆಯನ್ನು ಹೊಂದಿಸುವುದು ಈ ಎರಡರಿಂದಲೇ. (ಗ್ರೌಂಡ್ ವೈರ್ ಅನ್ನು ಈ ಕ್ಲಾಗೇ ಬೆಸುಗೆ ಹಾಕಬೇಕು. ನಾನು ಮರೆತಿದ್ದೆ. ತಂತಿ ಮುಟ್ಟಿದರೂ ಆಂಪ್ಲಿಫೈಯರ್‌ನ ಗುಂಯ್‌ಗುಡುವಿಕೆ ನಿಲ್ಲದಿದ್ದಾಗ ನೆನಪಾಯಿತು.) ಮೊದಲು ಐದು ಸ್ಪ್ರಿಂಗ್ ಹಾಕಿ ನೋಡಿದೆ. ಹಿಡಿ ಒತ್ತಲು ತೋಳಿನ ಬಲವೇ ಬೇಕು ಅನ್ನಿಸಿತು. ಮೂರಕ್ಕೆ ಇಳಿಸಿ ಕ್ಲಾ ಬಿಗಿ ಮಾಡಿದರೆ ಸಮತೋಲ ಅದೇ, ಹಿಡಿ ಮಾತ್ರ ಬೆಣ್ಣೆಯ ಹಾಗೆ ಇಳಿಯುತ್ತದೆ. ಮೂರೇ ಉಳಿಸಿಕೊಂಡೆ.

ಇನ್ನು ನನ್ನ ರಾತ್ರಿಯ ಗೋಳನ್ನು ತಪ್ಪಿಸಿದ ಉಪಾಯ. ನನಗೆ ಬೇಕಿದ್ದದ್ದು ಪ್ಲೇಟಿನ ಹಿಂಭಾಗ ಬಾಡಿಯಿಂದ ಸುಮಾರು 3 ಮಿಲಿಮೀಟರ್ ಮೇಲೆ ತೇಲಬೇಕು ಅಂತ. ಅಷ್ಟು ಜಾಗ ಇದ್ದರೆ ಹಿಡಿಯನ್ನು ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯಬಹುದು. ಒಂದು ಪ್ಲಾಸ್ಟಿಕ್ ಎಟಿಎಂ ಕಾರ್ಡ್ 0.76 ಮಿಲಿಮೀಟರ್ ದಪ್ಪ. ಅವಧಿ ಮುಗಿದ ನಾಲ್ಕು ಕಾರ್ಡ್ ಸೇರಿದರೆ ಸರಿಯಾಗಿ 3 ಮಿಲಿಮೀಟರ್! ಮೊದಲು ಕ್ಲಾ ಸ್ಕ್ರೂಗಳನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಬಿಗಿದೆ. ಪ್ಲೇಟ್ ಬಾಡಿಗೆ ಅಂಟಿಕೊಂಡಿತು. ಅದನ್ನು ಹಿಡಿಯಿಂದ ಎತ್ತಿ, ಹಿಂಭಾಗದ ಕೆಳಗೆ ನಾಲ್ಕು ಕಾರ್ಡ್ ತೂರಿಸಿ ಬಿಟ್ಟೆ. ಸ್ಪ್ರಿಂಗ್‌ಗಳ ಬಿಗಿಗೆ ಕಾರ್ಡ್‌ಗಳು ಗಟ್ಟಿಯಾಗಿ ಸಿಕ್ಕಿಕೊಂಡವು. ಈಗ ಬ್ರಿಡ್ಜ್ ಅಲುಗುವುದಿಲ್ಲ. ಹಾಗಾಗಿ ಆರೂ ತಂತಿಗಳನ್ನು ಮಾಮೂಲಿ ಗಿಟಾರ್‌ನಂತೆಯೇ ಶ್ರುತಿ ಮಾಡಬಹುದು. ಒಂದು ಮಾಡಿದರೆ ಇನ್ನೊಂದು ಇಳಿಯುವ ಆಟವೇ ಇಲ್ಲ.

ಶ್ರುತಿ ಕೂತ ಮೇಲೆ ಕ್ಲಾ ಸ್ಕ್ರೂ ಎರಡನ್ನೂ ಕಾಲು ಕಾಲು ಸುತ್ತು ಸಡಿಲಿಸುತ್ತಾ ಬಂದೆ. ಪ್ರತಿ ಸಲವೂ ಕಾರ್ಡ್ ಎಳೆದು ನೋಡುವುದು. ಮೊದಮೊದಲು ಜಪ್ಪಯ್ಯ ಅಂದರೂ ಬರಲಿಲ್ಲ. ಒಂದು ಹಂತದಲ್ಲಿ ಚೂರು ಎಳೆದಾಗಲೇ ಜಾರಿ ಬಂತು, ಶ್ರುತಿ ಬದಲಾಗಲಿಲ್ಲ. ಎರಡೂ ತಟ್ಟೆ ಸಮ ಆಗಿದ್ದು ಅಲ್ಲಿ. ಇನ್ನೂ ಸಡಿಲಿಸಿದ್ದರೆ ಬ್ರಿಡ್ಜ್ ಮೇಲೆದ್ದು ಎಲ್ಲ ತಂತಿಯೂ ಇಳಿಯುತ್ತಿತ್ತು.

ಹಿಡಿಯನ್ನು ಪೂರಾ ಮೇಲಕ್ಕೆ ಎಳೆದು ಪರೀಕ್ಷೆ ಮಾಡಿದೆ. ಜಿ ತಂತಿ (ಸಣ್ಣ ಕಡೆಯಿಂದ ಮೂರನೆಯದು) ಒಂದೂವರೆ ಸ್ವರ, ಬಿ ತಂತಿ (ಎರಡನೆಯದು) ಒಂದು ಸ್ವರ, ಸಣ್ಣ ಇ ತಂತಿ ಅರ್ಧ ಸ್ವರ ಏರಿದರೆ ನುಡಿಸಲು ಚೆಂದ ಅಂತ ಬಲ್ಲವರು ಹೇಳುತ್ತಾರೆ. ನನ್ನದು ಅದಕ್ಕೆ ಹತ್ತಿರ ಬಂತು. ಪೂರ್ತಿ ಹೊಂದಿಸುವ ಹಟಕ್ಕೆ ಬೀಳಲಿಲ್ಲ.

ಇಷ್ಟಾದರೂ ಒಂದು ತೊಂದರೆ ಉಳಿಯಿತು. ಹಿಡಿ ಒತ್ತಿ ಬಿಟ್ಟರೆ ಜಿ ತಂತಿ ಸ್ವಲ್ಪ ಏರಿಯೇ ನಿಲ್ಲುತ್ತಿತ್ತು. ಅದನ್ನು ಬೆರಳಿನಿಂದ ಒಮ್ಮೆ ಬಗ್ಗಿಸಿ ಬಿಟ್ಟರೆ ಸರಿಯಾಗುತ್ತಿತ್ತು. ಎರಡು ದಿನ ಬ್ರಿಡ್ಜನ್ನೇ ಬೈದೆ, ಸ್ಪ್ರಿಂಗ್ ಬದಲಿಸಿದೆ, ಸ್ಕ್ರೂ ಮತ್ತೆ ಅಳೆದೆ. ತಪ್ಪು ಇದ್ದದ್ದು ಗಿಟಾರ್‌ನ ಇನ್ನೊಂದು ತುದಿಯಲ್ಲಿ, ನಟ್‌ನಲ್ಲಿ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಸೀಳುಗಳಿರುವ ಪಟ್ಟಿ). ಹಿಡಿ ಒತ್ತಿದಾಗ ತಂತಿ ಸಡಿಲವಾಗಿ ನಟ್ ದಾಟಿ ಬಿರಡೆಯ ಕಡೆ ಚೂರು ಸರಿಯುತ್ತದೆ. ಬಿಟ್ಟಾಗ ವಾಪಸ್ ಬರಬೇಕು. ನಟ್‌ನ ಸೀಳು ಇಕ್ಕಟ್ಟಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸ್ವರ ಏರಿಯೇ ಉಳಿಯುತ್ತದೆ. ಬಿರಡೆ ತಿರುವುವಾಗ ಟಿಂಗ್ ಅಂತ ಸಣ್ಣ ಸದ್ದು ಬರುತ್ತಿತ್ತು, ಅದನ್ನು ನಾನು ಕೇಳಿಯೂ ಬಿಟ್ಟಿದ್ದೆ. ನಯವಾದ ಉಪ್ಪುಕಾಗದದ ಚೂರನ್ನು ಸಣ್ಣ ತಂತಿಗೆ ಸುತ್ತಿ ಸೀಳಿನ ಪಕ್ಕಗಳನ್ನು ಮಾತ್ರ ಉಜ್ಜಿದೆ. ತಳಕ್ಕೆ ಕೈ ಹಾಕಲಿಲ್ಲ, ತಳ ಇಳಿದರೆ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತದೆ. ಆಮೇಲೆ ಮೆತ್ತನೆಯ ಪೆನ್ಸಿಲ್‌ನ ಪುಡಿ ತುಂಬಿದೆ. ಬಿ ಮತ್ತು ಇ ತಂತಿಗಳನ್ನು ಒತ್ತಿ ಹಿಡಿಯುವ ಕೊಂಡಿಯ ಕೆಳಗೂ ಅದನ್ನೇ ತಿಕ್ಕಿದೆ. ಬಿರಡೆಯ ಮೇಲೆ ಐದಾರು ಸುತ್ತು ಇದ್ದ ತಂತಿಗಳನ್ನು ಬಿಚ್ಚಿ ಎರಡು ಮೂರು ಸುತ್ತಿಗೆ ತಂದೆ. ಅಲ್ಲಿಗೆ ಜಿ ತಂತಿ ದಾರಿಗೆ ಬಂತು.

ಕೆಲಸದ ಕ್ರಮವನ್ನೂ ನಾನು ತಲೆಕೆಳಗು ಮಾಡಿದ್ದೆ. ಮೊದಲೇ ಸ್ಯಾಡಲ್‌ಗಳನ್ನು (ಬ್ರಿಡ್ಜಿನ ಮೇಲೆ ಒಂದೊಂದು ತಂತಿಯೂ ಕೂರುವ ತುಂಡುಗಳು) ಹಿಂದೆ ಮುಂದೆ ಸರಿಸಿ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವುದನ್ನು, ಹೊಂದಿಸಿದ್ದೆ. ಬ್ರಿಡ್ಜ್ ಜಾಗಕ್ಕೆ ಬಂದ ಮೇಲೆ ಅದೆಲ್ಲ ವ್ಯರ್ಥ. ಮೊದಲು ನೆಕ್‌ನ ಬಾಗು (ನನ್ನದು 0.25 ಮಿಲಿಮೀಟರ್), ಆಮೇಲೆ ಬ್ರಿಡ್ಜಿನ ಸಮತೋಲ, ಆಮೇಲೆ 17ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ (1.6 ಮಿಲಿಮೀಟರ್), ಕೊನೆಗೆ ಇಂಟೊನೇಶನ್. ಒಂದೊಂದಾದ ಮೇಲೂ ಶ್ರುತಿ ಮತ್ತೆ ನೋಡಲೇಬೇಕು.

ತೇಲುವ ಬ್ರಿಡ್ಜಿನ ಕೆಲವು ಗುಣಗಳು ಎಷ್ಟು ಹೊಂದಿಸಿದರೂ ಹೋಗುವುದಿಲ್ಲ. ಒಂದು ತಂತಿ ಬಗ್ಗಿಸಿದರೆ ಮಿಕ್ಕವು ಇಳಿಯುತ್ತವೆ. ಅಂಗೈ ಬ್ರಿಡ್ಜಿನ ಹಿಂಭಾಗದ ಮೇಲೆ ಊರಿದರೆ ಎಲ್ಲವೂ ಏರುತ್ತವೆ. ಒಂದು ತಂತಿ ತುಂಡಾದರೆ ಮಿಕ್ಕ ಐದರ ಶ್ರುತಿಯೂ ಕೆಡುತ್ತದೆ, ಹಾಡಿನ ನಡುವೆ ಆದರಂತೂ ಕತೆ ಮುಗಿಯಿತು. ಇದು ಬೇಡ ಅನ್ನುವವರು ಪ್ಲೇಟನ್ನು ಬಾಡಿಗೆ ಒತ್ತಿ ಕೂರಿಸಿ ಹಿಡಿಯನ್ನು ಕೆಳಕ್ಕೆ ಮಾತ್ರ ಬಳಸುತ್ತಾರೆ. ಅದೂ ಒಳ್ಳೆಯ ದಾರಿಯೇ.

ಹೋದ ತಿಂಗಳು 9ರ ಸೆಟ್ ಹಾಕಿ ನೋಡಿದೆ. ಎಳೆತ ಕಡಿಮೆ ಆದ ಕೂಡಲೇ ಬ್ರಿಡ್ಜ್ ಹಿಂದಕ್ಕೆ ಕೂತಿತು. ಮತ್ತೆ ನಾಲ್ಕು ಕಾರ್ಡ್, ಮತ್ತೆ ಕಾಲು ಸುತ್ತು. ಈ ಸಲ ಹತ್ತೇ ನಿಮಿಷ ಹಿಡಿಯಿತು. ಎಷ್ಟು ಸುತ್ತು ಸಡಿಲಿಸಿದೆ ಅಂತ ಹಿಂದಿನ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟೆ. ಮುಚ್ಚಳವನ್ನು ಮಾತ್ರ ಇನ್ನೂ ಹಾಕಿಲ್ಲ, ಕಾರ್ಡ್‌ಗಳ ಜೊತೆ ಡಬ್ಬದಲ್ಲೇ ಇದೆ.