ಹಗಲು ನಿದ್ದೆಗೆ ನಾನೇ ಟೈಮ್ ಕೊಟ್ಟೆ: ನಾರ್ಕೊಲೆಪ್ಸಿ ಜೊತೆ ನನ್ನ ಅನುಭವ

ನನಗೆ ನಾರ್ಕೊಲೆಪ್ಸಿ, ಅಂದರೆ ಹಗಲು ಹೊತ್ತಲ್ಲೇ ತಡೆಯಲಾಗದಷ್ಟು ನಿದ್ದೆ ಬರುವ ಮಿದುಳಿನ ಕಾಯಿಲೆ ಇದೆ ಅಂದ ಕೂಡಲೇ ಬರುವ ಸಲಹೆ ಒಂದೇ. "ರಾತ್ರಿ ಸ್ವಲ್ಪ ಬೇಗ ಮಲಗಿ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ, ಬೇಜಾರಿಲ್ಲ. ಆದರೆ ರಾತ್ರಿ ಎಂಟು ಗಂಟೆ ಕಾಲ ಹಾಸಿಗೆಯಲ್ಲಿದ್ದು ಎದ್ದರೂ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಣ್ಣು ಎಳೆಯುತ್ತದೆ. ಹಗಲು ರಾತ್ರಿ ಎರಡೂ ಸೇರಿಸಿ ಲೆಕ್ಕ ಹಾಕಿದರೆ ನಾನು ಬೇರೆಯವರಿಗಿಂತ ಅಷ್ಟೇನೂ ಜಾಸ್ತಿ ಮಲಗುವುದಿಲ್ಲ. ರಾತ್ರಿ ನಿದ್ದೆಯೂ ತುಂಡು ತುಂಡು. ಕುಂಭಕರ್ಣ ಅನ್ನಿಸಿಕೊಂಡೂ ನೆಟ್ಟಗೆ ಒಂದು ರಾತ್ರಿ ನಿದ್ದೆ ಕಾಣದವರು ನಾವು.

ದೇಹದೊಳಗೆ ಏನಾಗುತ್ತಿದೆ ಅಂತ ಗೊತ್ತಾದ ಮೇಲೆಯೇ ನನಗೆ ದಿನ ತಳ್ಳುವ ದಾರಿ ಸಿಕ್ಕಿದ್ದು. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಹೈಪೊಕ್ರೆಟಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ಒರೆಕ್ಸಿನ್ ಅಂದರೂ ಇದೇ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು, ಆದ್ದರಿಂದ ಎರಡು ಹೆಸರು. ಎಚ್ಚರ ಮತ್ತು ನಿದ್ದೆಯ ನಡುವಿನ ಬಾಗಿಲಿಗೆ ಇದು ಚಿಲಕ ಇದ್ದ ಹಾಗೆ. ಟೈಪ್ 1 ನಾರ್ಕೊಲೆಪ್ಸಿ ಇರುವ ನನ್ನಂಥವರಲ್ಲಿ ಈ ಕೋಶಗಳು ಬಹುಪಾಲು ಇಲ್ಲವಾಗಿರುತ್ತವೆ. ಚಿಲಕವಿಲ್ಲದ ಬಾಗಿಲು ಗಾಳಿ ಬಂದ ಹಾಗೆ ಆಡುತ್ತದೆ. ಹಗಲು ನಿದ್ದೆ ಒಳಗೆ ನುಗ್ಗುತ್ತದೆ, ರಾತ್ರಿ ಎಚ್ಚರ ನುಗ್ಗುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಈ ಕೋಶಗಳ ಮೇಲೆ ದಾಳಿ ಮಾಡುತ್ತದೆ ಅನ್ನುವುದು ತಜ್ಞರ ಬಲವಾದ ಅನುಮಾನ. ಹೋದ ಕೋಶಗಳನ್ನು ವಾಪಸ್ ತರುವ ಚಿಕಿತ್ಸೆ ಇನ್ನೂ ಬಂದಿಲ್ಲ. "ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಸರಿಹೋಗುತ್ತೆ" ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಇನ್ನೊಂದು ವಿಷಯ ಕನಸಿನದು. ಸಾಮಾನ್ಯವಾಗಿ ಮಲಗಿ ಸುಮಾರು 90 ನಿಮಿಷದ ನಂತರ ರೆಮ್ ನಿದ್ದೆ, ಅಂದರೆ ಗಾಢವಾದ ಕನಸು ಬೀಳುವ ಹಂತ ಬರುತ್ತದೆ. ಆಗ ನಾವು ಕನಸಿಗೆ ತಕ್ಕಂತೆ ಎದ್ದು ಓಡದಿರಲಿ ಅಂತ ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ನಮಗೆ ಈ ಹಂತ ಎಷ್ಟೋ ಸಲ 15 ನಿಮಿಷದೊಳಗೇ ಬಂದುಬಿಡುತ್ತದೆ. ಕೆಲವೊಮ್ಮೆ ಪೂರ್ತಿ ನಿದ್ದೆ ಬರುವ ಮೊದಲೇ. ಕೋಣೆಯಲ್ಲಿ ಯಾರೋ ನಿಂತ ಹಾಗೆ ಕಾಣುವುದು, ಎಚ್ಚರಾದರೂ ಕೈಕಾಲು ಆಡಿಸಲು ಆಗದಿರುವುದು, ಎಲ್ಲದರ ಮೂಲ ಇದೇ. ಇದು ತಿಳಿದ ದಿನ ಅರ್ಧ ಭಯ ಹೋಯಿತು. ಆ ಆಕೃತಿ ಈಗಲೂ ಬರುತ್ತದೆ. ಬಂದರೆ ಬರಲಿ, ಅಲ್ವಾ?

ನನ್ನ ನೋಟ್‌ಪುಸ್ತಕಗಳು ಈ ಕಾಯಿಲೆಗೆ ಒಳ್ಳೆ ಸಾಕ್ಷಿ. ಮೀಟಿಂಗ್‌ನಲ್ಲಿ ಬರೆಯುತ್ತಿದ್ದ ಸಾಲು ನೆಟ್ಟಗೆ ಹೋಗುತ್ತಾ ಇಳಿಜಾರಾಗುತ್ತದೆ. "ಮುಂದಿನ ವಾರದೊಳಗೆ ವರದಿ ಕಳಿಸಿ ಆನೆಗೆ ಬಾಗಿಲು ತೆಗೆಯಬೇಕು." ಕೈ ಬರೆಯುತ್ತಲೇ ಇದೆ, ತಲೆ ಕನಸಿನಲ್ಲಿದೆ! ಡಾಕ್ಟರ್‌ಗೆ ಆ ಪುಟವನ್ನೇ ತೋರಿಸಿದೆ. ಬಾಯಲ್ಲಿ ಎಷ್ಟು ಹೇಳಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ.

ಡಾಕ್ಟರ್ ಹತ್ತಿರ ಹೋಗುವವರಿಗೆ ಇಲ್ಲಿ ಒಂದು ಮಾತು. "ಸುಸ್ತು" ಅಂದರೆ ಅವರು ಥೈರಾಯ್ಡ್, ರಕ್ತಹೀನತೆ ನೋಡುತ್ತಾರೆ, ನೋಡಲೇಬೇಕು ಕೂಡ. "ಎಚ್ಚರ ಇರೋಕೆ ಆಗ್ತಿಲ್ಲ" ಅಂದರೆ ಪ್ರಶ್ನೆಗಳೇ ಬೇರೆಯಾಗುತ್ತವೆ. ನಾನು ನಿದ್ದೆಯ ಡೈರಿ ಇಟ್ಟೆ. ಎಷ್ಟು ಹೊತ್ತಿಗೆ ಜೊಂಪು ಹತ್ತಿತು, ಆಗ ಏನು ಮಾಡುತ್ತಿದ್ದೆ, ಆ ಪುಟ್ಟ ನಿದ್ದೆಯಲ್ಲಿ ಕನಸು ಬಿತ್ತಾ, ಎದ್ದಾಗ ತಲೆ ಹಗುರವಾಗಿತ್ತಾ. ಕೊನೆಯ ಎರಡು ಪ್ರಶ್ನೆ ಮುಖ್ಯ. ಹತ್ತೇ ನಿಮಿಷದ ನಿದ್ದೆಯಲ್ಲಿ ಕನಸು ಬೀಳುವುದು, ಎದ್ದ ಮೇಲೆ ಸ್ವಲ್ಪ ಹೊತ್ತು ಹುರುಪಾಗಿರುವುದು ನಾರ್ಕೊಲೆಪ್ಸಿಯ ಕಡೆ ಬೆರಳು ತೋರಿಸುತ್ತದೆ. ಎಪ್‌ವರ್ತ್ ಎಂಬ ಪ್ರಶ್ನಾವಳಿಯೂ ಇದೆ. ಎಂಟು ಸಂದರ್ಭಗಳಲ್ಲಿ ಜೊಂಪು ಹತ್ತುವ ಸಾಧ್ಯತೆ ಎಷ್ಟು ಅಂತ ಕೇಳುತ್ತದೆ, ಒಟ್ಟು 24 ಅಂಕ. 10 ದಾಟಿದರೆ ಹಗಲು ನಿದ್ದೆ ಅತಿಯಾಗಿದೆ ಅಂತ ಅರ್ಥ. ಯಾವ ಕಾಯಿಲೆ ಅಂತ ಅದು ಹೇಳುವುದಿಲ್ಲ. ಗೊರಕೆ ಹೊಡೆದು ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದರೂ ಅಂಕ ಏರುತ್ತದೆ.

ಖಚಿತ ಮಾಡಿದ್ದು ನಿದ್ದೆಯ ಪರೀಕ್ಷೆ. ರಾತ್ರಿ ತಲೆ, ಕೆನ್ನೆ, ಎದೆ, ಕಾಲಿಗೆಲ್ಲ ವೈರ್ ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ ಕತ್ತಲೆ ಕೋಣೆಯಲ್ಲಿ ಮಲಗಲು ಐದು ಅವಕಾಶ. ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದು, ಎರಡು ಸಲವಾದರೂ ಬೇಗನೆ ರೆಮ್ ಕಂಡರೆ ನಾರ್ಕೊಲೆಪ್ಸಿ ಎಂದು ಪರಿಗಣಿಸುತ್ತಾರೆ. ನಡುವೆ ಎಚ್ಚರವಾಗಿ ಕೂರಬೇಕು, ಅದೇ ನರಕ. ಖಿನ್ನತೆಯ ಎಷ್ಟೋ ಮಾತ್ರೆಗಳು ರೆಮ್ ನಿದ್ದೆಯನ್ನು ಅದುಮುತ್ತವೆ, ಆದ್ದರಿಂದ ತೆಗೆದುಕೊಳ್ಳುತ್ತಿರುವ ಪ್ರತಿ ಮಾತ್ರೆಯನ್ನೂ ಮೊದಲೇ ಹೇಳಿ. ನಿಲ್ಲಿಸಬೇಕೋ ಬೇಡವೋ ಅಂತ ಡಾಕ್ಟರೇ ತೀರ್ಮಾನಿಸಲಿ. ಜೀನ್ ಪರೀಕ್ಷೆಯೊಂದನ್ನೇ ನಂಬುವ ಹಾಗಿಲ್ಲ. ಇದಕ್ಕೆ ಸಂಬಂಧಿಸಿದ ಜೀನ್, ಕಾಯಿಲೆ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ.

ಈಗ ನಗುವಿನ ವಿಷಯ. ನನಗೆ ಕ್ಯಾಟಪ್ಲೆಕ್ಸಿಯೂ ಇದೆ. ಜೋರಾಗಿ ನಗು ಬಂದಾಗ ಮೈ ಬಲ ಕಳೆದುಕೊಳ್ಳುತ್ತದೆ. ಮೊದಲು ದವಡೆ ಸಡಿಲ, ಆಮೇಲೆ ಕತ್ತು, ಕೊನೆಗೆ ಮೊಣಕಾಲು. ಅದೂ ಬೇರೆಯವರ ಜೋಕಿಗಿಂತ ನಾನೇ ಜೋಕ್ ಹೇಳುವಾಗ ಜಾಸ್ತಿ. ಕೊನೆ ಮಾತು ಬಾಯಿಗೆ ಬರುವಷ್ಟರಲ್ಲಿ ಮಾತು ತೊದಲುತ್ತದೆ. ಪ್ರಜ್ಞೆ ಪೂರ್ತಿ ಇರುತ್ತದೆ, ಸುತ್ತಲಿನವರ ಮಾತೆಲ್ಲ ಕೇಳುತ್ತಿರುತ್ತದೆ, ಉತ್ತರ ಕೊಡಲು ಮಾತ್ರ ಆಗದು. ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ. ಹತ್ತಿರದವರಿಗೆ ಮೊದಲೇ ಹೇಳಿಟ್ಟಿದ್ದೇನೆ: ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಿ, ನೀರು ಎರಚಬೇಡಿ, ಬಾಯಿಗೆ ಏನೂ ಹಾಕಬೇಡಿ, ಒಂದೆರಡು ನಿಮಿಷ ಸುಮ್ನೆ ಪಕ್ಕದಲ್ಲಿರಿ. ನಾನಂತೂ ಜೋಕ್ ಹೇಳುವ ಮೊದಲು ಗೋಡೆಗೆ ಒರಗುತ್ತೇನೆ. ನಗುವುದನ್ನೇ ಬಿಟ್ಟವರನ್ನು ಬಲ್ಲೆ, ಅದು ನನಗೆ ಬೇಡ.

ದಿನಚರಿಯಲ್ಲಿ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಗೊತ್ತುಪಡಿಸಿದ ಹಗಲು ನಿದ್ದೆ. ನಿದ್ದೆ ಬಂದ ಮೇಲೆ ಮಲಗುವುದಲ್ಲ, ಬರುವ ಮೊದಲೇ ಮಲಗುವುದು. ನನ್ನ ಡೈರಿ ಪ್ರಕಾರ ಹನ್ನೊಂದೂವರೆ ಮತ್ತು ಮೂರು ಗಂಟೆ ಕೆಟ್ಟ ಹೊತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಅಲಾರಂ ಇಟ್ಟು 15ರಿಂದ 20 ನಿಮಿಷ ಮಲಗುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಮಂಪರು ಬಿಡುವುದಿಲ್ಲ. ಹೊಟ್ಟೆ ಬಿರಿಯ ಊಟ ಮಾಡಿದ ದಿನ ಈ ಲೆಕ್ಕವೆಲ್ಲ ತಲೆಕೆಳಗು, ಆದ್ದರಿಂದ ಮಧ್ಯಾಹ್ನ ಹಗುರವಾಗಿಯೇ ತಿನ್ನುತ್ತೇನೆ. ರಾತ್ರಿ ಮಲಗುವ, ಬೆಳಗ್ಗೆ ಏಳುವ ಹೊತ್ತು ರಜೆ ದಿನವೂ ಬದಲಾಗುವುದಿಲ್ಲ.

ಮಾತ್ರೆಯೂ ಇದೆ. ಎಚ್ಚರಕ್ಕೆ ಮೊಡಾಫಿನಿಲ್, ಬೆಳಗ್ಗೆಯೇ. ತಡವಾಗಿ ತೆಗೆದುಕೊಂಡರೆ ಇರುವ ರಾತ್ರಿ ನಿದ್ದೆಯೂ ಹೋಗುತ್ತದೆ. ಇದು ಗರ್ಭನಿರೋಧಕ ಮಾತ್ರೆಗಳ ಪರಿಣಾಮ ಕಡಿಮೆ ಮಾಡುತ್ತದೆ, ಹೆಣ್ಣುಮಕ್ಕಳು ಡಾಕ್ಟರನ್ನು ಕೇಳಲೇಬೇಕಾದ ವಿಷಯ ಇದು. ಕ್ಯಾಟಪ್ಲೆಕ್ಸಿಗೆ ವೆನ್ಲಾಫಾಕ್ಸಿನ್ ಕೊಟ್ಟಿದ್ದಾರೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಬೀಳುವುದು ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ಹಾಗಾಗಿ ಊರಿಗೆ ಹೊರಟರೆ ಬಟ್ಟೆಗಿಂತ ಮೊದಲು ಮಾತ್ರೆ ಚೀಲಕ್ಕೆ ಹೋಗುತ್ತದೆ. ಗಾಡಿ ಓಡಿಸುವುದನ್ನು ಸದ್ಯಕ್ಕೆ ಪೂರ್ತಿ ಬಿಟ್ಟಿದ್ದೇನೆ. ಅದರಲ್ಲಿ ಚೌಕಾಶಿ ಇಲ್ಲ.

ಕೆಲಸದಲ್ಲಿ ಎಲ್ಲರಿಗೂ ಹೇಳಿಲ್ಲ, ಮೇಲಿನವರೊಬ್ಬರಿಗೆ ಮತ್ತು ಪಕ್ಕದಲ್ಲಿ ಕೂರುವವರಿಗೆ ಮಾತ್ರ ಗೊತ್ತು. ಕಾಯಿಲೆಯ ಹೆಸರು ಹೇಳಿ ಸುಮ್ಮನಾಗದೆ ನನಗೆ ಬೇಕಾದದ್ದನ್ನೂ ಹೇಳಿದೆ: ಎರಡು ಸಲ ಇಪ್ಪತ್ತು ನಿಮಿಷ, ಬಾಗಿಲು ಹಾಕುವ ಒಂದು ಕೋಣೆ. ಉದ್ದದ ಮೀಟಿಂಗ್‌ಗಳಲ್ಲಿ ಹಿಂದೆ ನಿಂತುಕೊಳ್ಳುತ್ತೇನೆ. ನಿಂತರೂ ತೂಕಡಿಕೆ ಬಂದರೆ ಯಾರನ್ನೂ ಕೇಳದೆ ಹೊರಗೆ ಹೋಗಬಹುದು ಅಂತ ಮೊದಲೇ ಮಾತಾಗಿದೆ. ಬಿಟ್ಟುಹೋದ ಭಾಗವನ್ನು ಪಕ್ಕದವರ ನೋಟ್ಸ್ ನೋಡಿ ತುಂಬಿಕೊಳ್ಳುತ್ತೇನೆ.